ಗೆನೊವೆಫಾಳ ಕಾಲರಿನಲ್ಲಿದ್ದ ಪಿನ್ನು

ಹನ್ನೊಂದು ಗಂಟೆ ಐವತ್ತೆರಡು ನಿಮಿಷಕ್ಕೆ ಗೆನೊವೆಫಾ ಸ್ಕೊತಾರೆಕ್ ಹ್ಯಾಂಗರಿನ ಹಿಂದಿನ ನಲ್ಲಿಯಲ್ಲಿ ಸ್ಟ್ರಾಬೆರಿ ತೊಳೆಯುತ್ತಿದ್ದಳು. ಬೋಗುಣಿ ತುಂಬ ಹಣ್ಣು. ಗಂಡ ಹಿಪೊಲಿತ್ ಅದಕ್ಕೆ ಹಾಕಲು ಕೆನೆ ತರುತ್ತೇನೆಂದು ಅಡುಗೆಮನೆ ಕಡೆ ಹೋಗಿದ್ದ. ತಲೆಯ ಮೇಲೆ ನಾಲ್ಕೈದು ಕಡೆ ಗ್ಲೈಡರುಗಳು ಗುಂಪುಗುಂಪಾಗಿ ಸುತ್ತುತ್ತಿದ್ದವು. ಆ ಗುಂಪುಗಳಲ್ಲಿ ಒಂದರೊಳಗೆ ಅವಳ ತಮ್ಮ ಲುದೊಮಿರ್ ಇದ್ದ. ಹಣ್ಣಿನ ತೊಟ್ಟು ಕೀಳಲೆಂದು ಅವಳು ತಲೆ ಬಗ್ಗಿಸಿದಾಗ ಗದ್ದಕ್ಕೆ ಏನೋ ತಣ್ಣಗೆ ತಗುಲಿತು. ಒದ್ದೆ ಕೈಯಲ್ಲೇ ಮುಟ್ಟಿ ನೋಡಿದಳು. ಕಾಲರಿನಲ್ಲಿ ಒಂದು ಪಿನ್ನು ಉಳಿದಿತ್ತು.

ಹಣ್ಣಿನ ಬೋಗುಣಿ ನಲ್ಲಿಯ ಕೆಳಗೇ ಉಳಿಯಿತು. ನೀರು ಸುರಿಯುತ್ತಲೇ ಇತ್ತು.

ಆ ಪಿನ್ನು ಏನೆಂದು ಹೇಳದೆ ಮುಂದೆ ಹೋಗುವಂತಿಲ್ಲ. ಬಟ್ಟೆಗೆ ಚುಚ್ಚುವ ಪಿನ್ನಿಗೆ ಒಬ್ಬ ಅಣ್ಣ ಇದ್ದರೆ ಹೇಗಿರುತ್ತಾನೋ ಹಾಗಿರುತ್ತದೆ ಅದು: ಕಿರುಬೆರಳಿನುದ್ದ, ಗಟ್ಟಿ ತಂತಿ, ತುದಿಗೊಂದು ಕೊಕ್ಕೆ. ಗ್ಲೈಡರು ಬಿಸಿಗಾಳಿಯ ಮೇಲೆ ತೇಲುವ, ಬಿಚ್ಚಿ ಜೋಡಿಸುವ ವಿಮಾನ. ಎಲ್ಲೋ ಹೊಲದಲ್ಲಿ ಇಳಿದರೆ ರೆಕ್ಕೆಗಳನ್ನೂ ಬಾಲದ ಅಡ್ಡಹಲಗೆಯನ್ನೂ ಕಳಚಿ, ಉದ್ದನೆಯ ಟ್ರೈಲರಿಗೆ ಹೇರಿ, ಕಾರಿಗೆ ಕಟ್ಟಿ ತರುತ್ತಾರೆ. ಮರುದಿನ ಮತ್ತೆ ಜೋಡಿಸುತ್ತಾರೆ. ಒಂದೊಂದು ಕೂಡುಜಾಗದಲ್ಲೂ ಒಂದು ಬೋಲ್ಟು. ಬೋಲ್ಟು ಜಾರದಂತೆ ಅದರ ತೂತಿನಲ್ಲಿ ಒಂದು ಪಿನ್ನು. ಲುದೊಮಿರನ ಗ್ಲೈಡರಿಗೆ ಅಂಥವು ಏಳು. ಬಿಚ್ಚಿದಾಗ ಹುಲ್ಲಿನಲ್ಲಿ ಕಳೆದುಹೋಗಬಾರದೆಂದು ಗೆನೊವೆಫಾ ಅವನ್ನು ತನ್ನ ಮೇಲಂಗಿಯ ಎಡ ಕಾಲರಿಗೆ ಪದಕಗಳ ಹಾಗೆ ಸಾಲಾಗಿ ಚುಚ್ಚಿಕೊಳ್ಳುತ್ತಿದ್ದಳು. ಅವಳು ಕೆಲಸ ಮಾಡುವ ಗ್ಲೈಡರು ಕಾರ್ಯಾಗಾರದ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು. ಹಿಪೊಲಿತ್ ಅವಳನ್ನು ಆ ಅವತಾರದಲ್ಲಿ ಕಂಡಾಗಲೆಲ್ಲ ಹಿಮ್ಮಡಿ ಜೋಡಿಸಿ ಸಲಾಮು ಹೊಡೆಯುತ್ತಿದ್ದ. "ಜನರಲ್ ಸಾಹೇಬ್ರೇ, ಯಾವ ಯುದ್ಧ ಗೆದ್ದು ಬಂದ್ರಿ?"

ಜೋಡಿಸುವಾಗ ಅವಳದೊಂದು ಪದ್ಧತಿ ಇತ್ತು. ಕಾರ್ಯಾಗಾರದಲ್ಲಿ ಅವಳಿಗೆ ಕೆಲಸ ಕಲಿಸಿದ ಹಿರಿಯಳಿಂದ ಬಂದದ್ದು. ಪಿನ್ನು ಹಾಕುವವಳನ್ನು ಯಾರೂ ಮಾತಾಡಿಸಬಾರದು. ಮಾತಾಡಿಸಿದರೆ ಹಾಕಿದ್ದನ್ನೆಲ್ಲ ತೆಗೆದು ಮೊದಲಿನಿಂದ ಹಾಕಬೇಕು. ಎಲ್ಲ ಮುಗಿದ ಮೇಲೆ ಅವಳು ಎಷ್ಟೆಂದು ಜೋರಾಗಿ ಹೇಳಬೇಕು. ಇನ್ನೊಬ್ಬರು ಒಂದೊಂದನ್ನೂ ಕೈಯಿಂದ ಮುಟ್ಟಿ ಅದೇ ಸಂಖ್ಯೆಯನ್ನು ತಿರುಗಿ ಹೇಳಬೇಕು. ಆ ಇನ್ನೊಬ್ಬರು ಹದಿನಾಲ್ಕು ವರ್ಷಗಳಿಂದ ಹಿಪೊಲಿತ್.

ಆ ಬೆಳಿಗ್ಗೆ ಅವಳು "ಏಳು" ಎಂದಿದ್ದಳು. ಅವನೂ "ಏಳು" ಎಂದಿದ್ದ.

ಓಡುತ್ತಲೇ ಅವಳಿಗೆ ಎಲ್ಲ ನೆನಪಾಯಿತು. ಹಿಂದಿನ ಸಂಜೆ ಲುದೊಮಿರ್ ಅರವತ್ತು ಕಿಲೋಮೀಟರು ಆಚೆ, ಗೋಧಿಯಂಥ ರೈ ಬೆಳೆದ ಹೊಲದಲ್ಲಿ ಇಳಿದಿದ್ದ. ಎದೆಯೆತ್ತರದ ಪೈರು ಮೇಲಿನಿಂದ ಹುಲ್ಲುಗಾವಲಿನಂತೆ ಕಂಡಿತ್ತು. ಗ್ಲೈಡರಿಗೆ ಪೆಟ್ಟಾಗಿರಲಿಲ್ಲ, ಆದರೆ ಸಂದುಸಂದಿನಲ್ಲೂ ಹೂಪುಡಿ, ಹೊಟ್ಟು. ಬೆಳಿಗ್ಗೆ ಅವಳು ಪ್ರತಿಯೊಂದು ಬೋಲ್ಟನ್ನೂ ಒರೆಸಿ ಹೊಸದಾಗಿ ಗ್ರೀಸು ಹಚ್ಚಿದಳು. ಆರು ಪಿನ್ನು ಹಾಕಿ ಮುಗಿಸಿ ಬಾಲದ ಬಳಿ ಮಂಡಿಯೂರಿದ್ದಳು. ಅಷ್ಟರಲ್ಲಿ ಧ್ವನಿವರ್ಧಕ ಕರಕರ ಎಂದು ಹಿಂದಿನ ದಿನದ ಸ್ಪರ್ಧೆಯ ಅಂಕ ಓದತೊಡಗಿತು. ಎಲ್ಲರೂ ಹೊಲಗಳಲ್ಲೇ ಇಳಿದಿದ್ದರು. ಎಲ್ಲರಿಗಿಂತ ದೂರದ ಹೊಲ ಲುದೊಮಿರನದು. ಐದನೆಯ ಸ್ಥಾನದಿಂದ ಎರಡಕ್ಕೆ ಏರಿದ್ದ. ಮೊದಲನೆಯವನಿಗೂ ಅವನಿಗೂ ಹತ್ತೊಂಬತ್ತು ಅಂಕದ ಅಂತರ, ಉಳಿದಿರುವುದು ಒಂದೇ ದಿನ. ಹಿಪೊಲಿತ್ ರೆಕ್ಕೆಯ ತುದಿಯಿಂದ ಓಡಿ ಬಂದವನೇ ಅವಳನ್ನು ಮಂಡಿಯೂರಿದಲ್ಲಿಂದ ಎತ್ತಿ ಒಂದು ಸುತ್ತು ತಿರುಗಿಸಿದ.

"ಬಿಡೋ, ಎಲ್ರೂ ನೋಡ್ತಿದಾರೆ!"

"ನೋಡ್ಲಿ ಬಿಡೆ! ಹತ್ತೊಂಬತ್ತು ಅಂದ್ರೆ ಏನು? ನಮ್ ಲುದೆಕ್ ಒಂದ್ಸಲ ಸೀನಿದ್ರೆ ಹತ್ತೊಂಬತ್ತು ಬರುತ್ತೆ!"

ಅವಳು ನಕ್ಕಳು. ಕೆಳಗಿಳಿದ ಮೇಲೆ ಕೈ ಒರೆಸಿಕೊಂಡು "ಏಳು" ಎಂದಳು. ಅವನು ಒಂದನ್ನೂ ಮುಟ್ಟದೆ ಅದನ್ನೇ ತಿರುಗಿ ಹೇಳಿದ.

ಹಾರುವ ಮುಂಚೆ ಇನ್ನೊಂದು ಪರೀಕ್ಷೆ ಇರುತ್ತದೆ. ಒಳಗೆ ಕೂತವನು ಹಿಡಿಕೆ ಆಡಿಸಿದಾಗ ಹೊರಗಿನವರು ಹಲಗೆಗಳನ್ನು ಕೈಯಲ್ಲಿ ಒತ್ತಿ ಹಿಡಿದು ನೋಡುತ್ತಾರೆ. ಅದನ್ನೂ ಮಾಡಿದ್ದರು. ಆದರೆ ಬೋಲ್ಟು ತನ್ನ ಜಾಗದಲ್ಲಿದ್ದರೆ ಆ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪಿನ್ನು ಇಲ್ಲದ್ದು ಅಲ್ಲಿ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಬೋಲ್ಟು ಜಾರಿದ ಮೇಲೆ.

ಜಾರುವುದು ಎಲ್ಲಿ ಎಂಬುದೂ ಅವಳಿಗೆ ಗೊತ್ತಿತ್ತು. ಸ್ಪರ್ಧೆ ಆರಂಭವಾಗುವುದು ವಿಮಾನ ಎಳೆದು ಮೇಲೆ ಬಿಟ್ಟಾಗಲ್ಲ, ಮೈದಾನದ ಅಂಚಿನ ಎರಡು ಕಂಬಗಳ ನಡುವಿನ ಗೆರೆ ದಾಟಿದಾಗ. ದಾಟುವಾಗ ಎತ್ತರ ಒಂದು ಸಾವಿರ ಮೀಟರು ಮೀರಬಾರದು. ಅದಕ್ಕೇ ಎಲ್ಲರೂ ಇನ್ನೂ ಎತ್ತರಕ್ಕೆ ಏರಿ, ಮೂಗು ಕೆಳಗೆ ಮಾಡಿ ಧುಮುಕಿ, ಎತ್ತರವನ್ನೆಲ್ಲ ವೇಗವಾಗಿ ಬದಲಿಸಿಕೊಂಡು ಗೆರೆಯ ಮೇಲೆ ಬಾಣದಂತೆ ಹಾಯುತ್ತಾರೆ. ವೇಗ ಎರಡರಷ್ಟಾದರೆ ಬಾಲದ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಇದೇನು ಗುಟ್ಟಿನ ವಿದ್ಯೆಯಲ್ಲ. ಕಾರ್ಯಾಗಾರದ ಗೋಡೆಯ ಮೇಲೆ ಬರೆದಿತ್ತು.

ಲುದೊಮಿರ್ ಇನ್ನೂ ಗೆರೆ ದಾಟಿರಲಿಲ್ಲ. ಅವಳ ಹತ್ತಿರ ಇದ್ದದ್ದು ಅಷ್ಟೇ ಹೊತ್ತು.

*

ಪೋಲಿಷ್ ತಂಡದ ಡೇರೆಯಲ್ಲಿ ಮುಖ್ಯಸ್ಥ ಸೆವೆರಿನ್ ಗುಲ್ಚ್ ರೇಡಿಯೋದ ಮುಂದೆ ಗಾಜಿನ ಲೋಟದಲ್ಲಿ ಚಹಾ ಇಟ್ಟುಕೊಂಡು ಕೂತಿದ್ದ. ದುರ್ಬೀನು ಕೊರಳಲ್ಲಿ. ಐದು ದಿನಗಳಿಂದ ಸರಿಯಾಗಿ ನಿದ್ದೆಯಿಲ್ಲದ ಕಣ್ಣು. ಅವನ ಸ್ಥಿತಿಯೂ ಸುಲಭದ್ದಾಗಿರಲಿಲ್ಲ. ಅರವತ್ತಮೂರರಲ್ಲಿ ಅರ್ಜೆಂಟೀನಾದಿಂದ, ಅರವತ್ತೈದರಲ್ಲಿ ಇಂಗ್ಲೆಂಡಿನಿಂದ ಪೋಲಿಷರು ಚಿನ್ನ ತಂದಿದ್ದರು. ಈಗ, ಅರವತ್ತೆಂಟರಲ್ಲಿ, ವಿಶ್ವಸ್ಪರ್ಧೆಯೇ ಎರಡನೆಯ ಸಲ ಲೆಶ್ನೊಗೆ, ಮನೆಯಂಗಳಕ್ಕೆ ಬಂದಿತ್ತು. ಅಂಗಳದಲ್ಲಿ ಎಡವಿದರೆ ನೋಡುವವರು ಹೆಚ್ಚು.

"ಸಾರ್, ಲುದೆಕ್‌ನ ಇಳಿಸಿ. ಈಗ್ಲೇ ಇಳಿಸಿ."

"ಏನ್ ಗೆನ್ಯಮ್ಮ, ಉಸಿರಾದ್ರೂ ತಗೊಳ್ಳಿ."

ಅವಳು ಅಂಗೈ ಬಿಚ್ಚಿದಳು. ಸೆವೆರಿನ್ ಪಿನ್ನನ್ನು ನೋಡಿದ, ಅವಳ ಮುಖ ನೋಡಿದ, ಆಮೇಲೆ ಡೇರೆಯ ಬಾಗಿಲ ಕಡೆ ನೋಡಿದ. ಬೇರೆ ಯಾರೂ ಇರಲಿಲ್ಲ.

"ಯಾವ್ದು?"

"ಬಾಲದ್ದು."

"ಬೋಲ್ಟ್ ಹಾಕಿದೀರಿ ತಾನೆ?"

"ಹಾಕಿದೀನಿ."

"ಹಂಗಾದ್ರೆ ಕೇಳಿ." ಅವನು ದನಿ ತಗ್ಗಿಸಿದ. "ನಾನು ಎಷ್ಟೋ ನೋಡಿದೀನಿ. ಬೋಲ್ಟು ಬಿಗಿ ಇರುತ್ತೆ, ಸುತ್ತಿಗೆ ತಗೊಂಡ್ರೂ ಬರಲ್ಲ ಕೆಲವು. ಅವನಿಗೀಗ ಹೇಳಿದ್ರೆ ಕೈ ನಡುಗುತ್ತೆ. ಇಳಿಸಿದ್ರೆ ಸಾಲಿನ ಕೊನೆಗೆ ನಿಂತ್ಕೊಬೇಕು. ಅತ್ಲಾಗೆ ಪಡುವಣ ನೋಡಿ."

ಅವಳು ನೋಡಬೇಕಾಗಿರಲಿಲ್ಲ. ಬೆಳಿಗ್ಗೆಯಿಂದ ಎಲ್ಲರೂ ಅದನ್ನೇ ನೋಡುತ್ತಿದ್ದರು. ಪಶ್ಚಿಮದಿಂದ ತೆಳ್ಳನೆಯ ಮೋಡದ ಪರದೆ ಒಂದೇ ಸಮನೆ ಮೇಲೇರುತ್ತಿತ್ತು. ಅದು ಸೂರ್ಯನನ್ನು ಮುಚ್ಚಿದರೆ ನೆಲ ಬಿಸಿಯಾಗದು, ಬಿಸಿಗಾಳಿ ಏಳದು, ಗ್ಲೈಡರಿಗೆ ಆಧಾರವೇ ಇರದು. ಇನ್ನರ್ಧ ಗಂಟೆಯಲ್ಲಿ ಹೊರಟವರಿಗೆ ಮಾತ್ರ ಅಂದಿನ ದಿನ. ತಡವಾದವರು ಇಳಿಯುವುದು ಯಾವುದೋ ಬೀಟ್‌ಗೆಡ್ಡೆಯ ಹೊಲದಲ್ಲಿ.

"ಹತ್ತೊಂಬತ್ತು ಅಂಕ ಗೆನ್ಯಮ್ಮ. ಅವನ ಜೀವಮಾನದಲ್ಲಿ ಇನ್ನೊಂದ್ಸಲ ಬರುತ್ತಾ ಇದು?"

"ಇವತ್ತು ಬೆಳಿಗ್ಗೆ ಆ ಬೋಲ್ಟಿಗೆ ಗ್ರೀಸ್ ಹಚ್ಚಿದೀನಿ ಸಾರ್. ಹೊಸ ಗ್ರೀಸು. ನಾನೇ, ಈ ಕೈಲೇ."

ಸೆವೆರಿನ್ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದ. ರೇಡಿಯೋದ ಗುಂಡಿ ಒತ್ತಿ ಲುದೊಮಿರನ ಗ್ಲೈಡರಿನ ಸಂಖ್ಯೆ ಕರೆದ.

"ನಲವತ್ತೊಂದು, ನಲವತ್ತೊಂದು. ಗೆರೆ ದಾಟ್ಬೇಡ. ಕೇಳಿಸ್ತಾ? ನಲವತ್ತೊಂದು."

ರೇಡಿಯೋ ಬರೀ ಸಿಳ್ಳೆ ಹೊಡೆಯಿತು.

"ನಲವತ್ತೊಂದು, ಮೆತ್ತಗೆ ಇಳಿದು ಬಾ. ಲುದೆಕ್, ಉತ್ತರ ಕೊಡು."

ಉತ್ತರ ಬರುವುದಿಲ್ಲವೆಂದು ಗೆನೊವೆಫಾಳಿಗೆ ಆಗಲೇ ಹೊಳೆದಿತ್ತು. ಗೆರೆ ದಾಟುವ ಮೊದಲಿನ ಹೊತ್ತು ರೇಡಿಯೋದಲ್ಲಿ ಎಲ್ಲರ ಹರಟೆ, ಎಲ್ಲರ ಆತಂಕ. ಅದನ್ನು ಕೇಳುತ್ತ ಕೂತು ಲುದೊಮಿರ್ ಎರಡು ಸ್ಪರ್ಧೆ ಕೆಡಿಸಿಕೊಂಡಿದ್ದ. "ಆ ಪೆಟ್ಟಿಗೆ ಬಾಯಿ ಮುಚ್ಚು. ಗೆರೆ ದಾಟೋವರೆಗೂ ನಿನಗೆ ಯಾರ ಮಾತೂ ಬೇಡ, ನನ್ನ ಮಾತೂ ಬೇಡ" ಎಂದು ಹೇಳಿಕೊಟ್ಟವಳು ಅವಳೇ.

"ಆಫ್ ಮಾಡ್ಕೊಂಡಿದಾನೆ ಸಾರ್."

"ನಮ್ಮ ಉಳಿದವರು ಹೊರಟಾಯ್ತು. ಪಕ್ಕದಲ್ಲಿ ಹೋಗಿ ಕೈ ಬೀಸೋಕೂ ಯಾರೂ ಇಲ್ಲ." ಸೆವೆರಿನ್ ಎದ್ದು ನಿಂತ. "ಈಗೇನ್ಮಾಡೋದು?"

*

ಗೆನೊವೆಫಾ ಹುಟ್ಟಿದ್ದು ಲೆಶ್ನೊದಲ್ಲೇ. ಒಂಬತ್ತು ವರ್ಷದವಳಿದ್ದಾಗ ಯುದ್ಧ ಬಂತು. ಅದೇ ಚಳಿಗಾಲದಲ್ಲಿ ಜರ್ಮನರು ಅವರ ಬೀದಿಯನ್ನೆಲ್ಲ ಖಾಲಿ ಮಾಡಿಸಿ ರೈಲಿಗೆ ತುಂಬಿದರು. ಆಗ ಲುದೊಮಿರ್ ಎಂಟು ತಿಂಗಳ ಕೂಸು. ತಾಯಿಯ ಕೈಯಲ್ಲಿ ಗಂಟು, ಅವಳ ಕೈಯಲ್ಲಿ ಕೂಸು. ಆ ಪ್ರಯಾಣದಲ್ಲಿ ಗೆನೊವೆಫಾ ಅವನನ್ನು ಒಮ್ಮೆಯೂ ಕೆಳಗಿಡಲಿಲ್ಲವೆಂದು ತಾಯಿ ಸಾಯುವವರೆಗೂ ಹೇಳುತ್ತಿದ್ದಳು. ತಂದೆ ಮರಳಿ ಬರಲಿಲ್ಲ. ಯುದ್ಧ ಮುಗಿದು ಊರಿಗೆ ಬಂದಾಗ ಮೈದಾನದ ಹ್ಯಾಂಗರುಗಳಿಗೆ ಸೂರಿರಲಿಲ್ಲ. ಕಾರ್ಯಾಗಾರ ಮತ್ತೆ ತೆರೆದಾಗ ಅವಳು ರೆಕ್ಕೆಗೆ ಬಟ್ಟೆ ಹೊಲಿಯುವ ಕೆಲಸಕ್ಕೆ ಸೇರಿದಳು. ತಮ್ಮ ಸಂಜೆ ಅಲ್ಲೇ ಕೂತು ಲೆಕ್ಕ ಮಾಡುತ್ತ, ಆಕಾಶ ನೋಡುತ್ತ ಬೆಳೆದ.

ವಿಶ್ವಸ್ಪರ್ಧೆಯ ಕಥೆಗಳು ಅವಳಿಗೆ ಕಾರ್ಯಾಗಾರದಲ್ಲಿ ಕಿವಿಗೆ ಬಿದ್ದವು. ಯುದ್ಧಕ್ಕೆ ಎರಡು ವರ್ಷ ಮುಂಚೆ ಜರ್ಮನಿಯ ವಾಸರ್‌ಕುಪ್ಪೆ ಗುಡ್ಡದ ಮೇಲೆ ಮೊದಲನೆಯದು ನಡೆದಿತ್ತು, ಪೋಲಿಷರೂ ಹೋಗಿದ್ದರು. ಆಮೇಲೆ ಹನ್ನೊಂದು ವರ್ಷ ಯಾರಿಗೂ ಅದರ ಯೋಚನೆ ಇರಲಿಲ್ಲ. ನಲವತ್ತೆಂಟರಲ್ಲಿ ಸ್ವಿಟ್ಜರ್ಲೆಂಡಿನ ಸಮೇಡನ್‌ನಲ್ಲಿ ಬೆಟ್ಟಗಳ ನಡುವೆ ಮತ್ತೆ ಶುರುವಾಯಿತು. ಅಲ್ಲಿ ಇಬ್ಬರು ಪೈಲಟ್‌ಗಳು ಹಿಂದಿರುಗಲಿಲ್ಲ. ಸ್ವೀಡನ್, ಸ್ಪೇನ್, ಮಳೆಯಲ್ಲಿ ನೆನೆದ ಇಂಗ್ಲೆಂಡ್, ಫ್ರಾನ್ಸ್ ದಾಟಿ ಐವತ್ತೆಂಟರಲ್ಲಿ ಅದು ಲೆಶ್ನೊಗೇ ಬಂತು. ಆಗ ಗೆನೊವೆಫಾಳಿಗೆ ಇಪ್ಪತ್ತೆಂಟು. ಸಮೇಡನ್ ಕಂಡಿದ್ದ ಪರದೇಶದ ಮುದುಕನೊಬ್ಬ ಅವಳು ಪಿನ್ನು ಹಾಕುವುದನ್ನು ನಿಂತು ನೋಡಿ, ಏನೂ ಮಾತಾಡದೆ, ಮುಗಿದ ಮೇಲೆ ಟೋಪಿ ತೆಗೆದು ಹೋದದ್ದು ಅವಳಿಗೆ ಮರೆತಿರಲಿಲ್ಲ.

ಆ ದಿನಗಳಲ್ಲಿ ಕ್ಲಬ್ಬಿನ ಗ್ಲೈಡರುಗಳಿಗೆ ರೇಡಿಯೋ ಎಲ್ಲಿತ್ತು? ಹತ್ತೊಂಬತ್ತರ ಲುದೊಮಿರ್ ಮೈದಾನದ ಸುತ್ತ ಹಾರುವಾಗ ಅಕ್ಕ ಕೆಳಗಿನಿಂದ ಬಟ್ಟೆ ಹಾಸಿ ಮಾತಾಡುತ್ತಿದ್ದಳು. ರೆಕ್ಕೆಗೆ ಹೊದಿಸುವ ಬಿಳಿ ಗವಸುಗಳು, ಒಂದೊಂದೂ ಏಳು ಮೀಟರು ಉದ್ದ. ಒಂದೇ ಗವಸು ಹಾಸಿದರೆ ಹೋಗು. ಎರಡನ್ನು ಗುಣಾಕಾರದ ಚಿಹ್ನೆಯಂತೆ ಅಡ್ಡ ಹಾಸಿದರೆ ಇಳಿದು ಬಾ, ಏಕೆಂದು ಕೇಳಬೇಡ.

ಹತ್ತು ವರ್ಷಗಳಿಂದ ಆ ಚಿಹ್ನೆಯನ್ನು ಅವರು ಬಳಸಿರಲಿಲ್ಲ.

*

ಹಿಪೊಲಿತ್ ಕೆನೆಯ ಪಾತ್ರೆ ಹಿಡಿದು ಹ್ಯಾಂಗರಿನ ಮೂಲೆ ತಿರುಗುತ್ತಿದ್ದ. ಹೆಂಡತಿ ಟ್ರೈಲರಿನಿಂದ ಗವಸುಗಳನ್ನು ಎಳೆಯುತ್ತಿರುವುದು ಕಂಡಿತು.

"ಏನೇ ಇದು, ಹಣ್ಣು ತಿನ್ನೋಕೆ ಮೇಜುಬಟ್ಟೆ ಬೇಕಾ?"

ಅವಳು ಪಿನ್ನು ತೋರಿಸಿದಳು. ಕೆನೆಯ ಪಾತ್ರೆಯನ್ನು ಎಲ್ಲಿಟ್ಟನೋ ಅವನಿಗೇ ಗೊತ್ತಿಲ್ಲ.

"ನಾನು ಮುಟ್ಲಿಲ್ಲ ಗೆನ್ಯಾ. ನಾನು ಒಂದನ್ನೂ ಮುಟ್ಲಿಲ್ಲ."

"ಗೊತ್ತು. ಆ ತುದಿ ಹಿಡ್ಕೋ. ಓಡು."

ಗೆರೆಯ ಹತ್ತಿರ ತಂಡಗಳವರು ಹೋಗುವಂತಿರಲಿಲ್ಲ. ಅಲ್ಲಿ ನಿಂತು ಹಾರುವವರಿಗೆ ಸನ್ನೆ ಮಾಡಿದರೆ ಅಂಕ ಕಡಿಯುತ್ತಿದ್ದರು. ಕಂಬದ ಬಳಿ ಮರದ ಚೌಕಟ್ಟಿನ ಹಿಂದೆ ಆಸ್ಟ್ರಿಯದ ಹಿರಿಯ ತೀರ್ಪುಗಾರ ಒಂದು ಕಣ್ಣು ಮುಚ್ಚಿ, ಗೆರೆ ದಾಟುವವರನ್ನು ಗುರಿಯಿಟ್ಟು ನೋಡುತ್ತ ಕೂತಿದ್ದ. ಇಬ್ಬರು ನಡುವಯಸ್ಕರು ಬಿಳಿ ಬಟ್ಟೆ ಎಳೆದುಕೊಂಡು ತನ್ನ ಗೆರೆಯ ಮೇಲೆ ಓಡಿ ಬರುವುದನ್ನು ಕಂಡು ಅವನು ಎದ್ದು ನಿಂತು ಜರ್ಮನ್ ಭಾಷೆಯಲ್ಲಿ ಕೂಗಿದ. ಗೆನೊವೆಫಾಳಿಗೆ ಆ ಭಾಷೆ ಚೆನ್ನಾಗಿ ಬರುತ್ತಿತ್ತು, ಯುದ್ಧದಲ್ಲಿ ಕಲಿತದ್ದು. ಅವಳು ತಿರುಗಿಯೂ ನೋಡಲಿಲ್ಲ.

ಮೊದಲ ಗವಸು ಹಾಸುತ್ತಿದ್ದಂತೆ ಗಾಳಿ ಅದನ್ನು ಎತ್ತಿ ಮಡಚಿ ಎಸೆಯಿತು.

"ಕಲ್ಲು! ಕಲ್ಲಿಡು!"

"ವಿಮಾನದ ಮೈದಾನದಲ್ಲಿ ಕಲ್ಲೆಲ್ಲಿಂದ ತರ್ಲೇ?" ಹಿಪೊಲಿತ್ ಹುಲ್ಲಿನ ಮೇಲೆ ಕೂತು ಬೂಟು ಕಳಚಿದ. ಒಂದು ಬೂಟು ಒಂದು ತುದಿಗೆ, ಇನ್ನೊಂದು ಬೂಟು ಇನ್ನೊಂದು ತುದಿಗೆ. ಎರಡನೆಯ ಗವಸನ್ನು ಅಡ್ಡ ಎಳೆದು ಅದರ ಒಂದು ಕೊನೆಯ ಮೇಲೆ ತಾನೇ ಕುಕ್ಕರಿಸಿದ. ಮತ್ತೊಂದು ಕೊನೆಯ ಮೇಲೆ ಗೆನೊವೆಫಾ ಅಂಗಾತ ಮಲಗಿದಳು.

ಹಾಗೆ ಮಲಗಿದಾಗ ಆಕಾಶ ಪೂರ್ತಿ ಕಂಡಿತು. ಹತ್ತಿರದ ಗುಂಪಿನಲ್ಲಿ ಇಪ್ಪತ್ತೋ ಮೂವತ್ತೋ ಗ್ಲೈಡರುಗಳು ಒಂದರ ಮೇಲೊಂದು ಸುತ್ತುತ್ತಿದ್ದವು, ಮೊಸರು ಕಡೆಯುವಾಗ ನೊರೆ ಸುತ್ತುವ ಹಾಗೆ. ಅವುಗಳಲ್ಲಿ ಒಂದರ ರೆಕ್ಕೆತುದಿ ಮಾತ್ರ ಕೆಂಪು. ಆ ಕೆಂಪು ಬಳಿದವಳು ಅವಳೇ. ಅದು ಗುಂಪಿನ ಮೇಲ್ಪದರದಲ್ಲಿತ್ತು. ಮೇಲ್ಪದರದಲ್ಲಿದ್ದವನು ಹೊರಡಲು ಸಿದ್ಧನಾದವನು.

"ನೋಡೋ, ಕೆಳಗೆ ನೋಡೋ," ಎಂದಳು ಸಣ್ಣ ದನಿಯಲ್ಲಿ.

ಅವನು ಕೆಳಗೆ ಏಕೆ ನೋಡಬೇಕು? ಕಣ್ಣೆಲ್ಲ ಪಕ್ಕದವರ ಮೇಲೆ, ಪಡುವಣದ ಮೋಡದ ಮೇಲೆ. ನೋಡಿದರೂ ಹತ್ತೊಂಬತ್ತು ವರ್ಷದವನಿದ್ದಾಗಿನ ಆಟ ನೆನಪಿರಬೇಕು. ನೆನಪಿದ್ದರೂ, ಚಿನ್ನಕ್ಕೆ ಹತ್ತೊಂಬತ್ತು ಅಂಕ ದೂರದಲ್ಲಿರುವಾಗ, ಏಕೆಂದು ಕೇಳದೆ ಇಳಿಯಬೇಕು.

ಕೆಂಪು ತುದಿಯ ಗ್ಲೈಡರು ಸುತ್ತುವುದನ್ನು ನಿಲ್ಲಿಸಿತು. ರೆಕ್ಕೆ ನೇರವಾಯಿತು. ಮೂಗು ಕೆಳಗಾಯಿತು.

"ಹೊರಟ," ಎಂದ ಹಿಪೊಲಿತ್.

ಗ್ಲೈಡರಿಗೆ ಎಂಜಿನಿಲ್ಲ, ಆದರೆ ಧುಮುಕುವಾಗ ಅದಕ್ಕೊಂದು ದನಿ ಬರುತ್ತದೆ. ಮೊದಲು ಬಟ್ಟೆ ಹರಿದಂತೆ, ಆಮೇಲೆ ಸಿಳ್ಳೆಯಂತೆ. ವೇಗ ಏರಿದಂತೆ ಸಿಳ್ಳೆಯ ಸ್ವರವೂ ಏರುತ್ತದೆ. ಗೆನೊವೆಫಾ ಆ ಸ್ವರದಿಂದಲೇ ವೇಗ ಅಂದಾಜು ಮಾಡಬಲ್ಲವಳು. ಗಂಟೆಗೆ ನೂರಿಪ್ಪತ್ತು ಕಿಲೋಮೀಟರು. ನೂರೈವತ್ತು. ಅವಳು ಮೇಲೆದ್ದು ಕೂತು ಪಿನ್ನು ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡಳು. ಗಾಳಿ ಗವಸಿನ ಅಂಚನ್ನು ಪಟಪಟ ಬಡಿಯಿತು. ಮತ್ತೆ ಧಡಕ್ಕನೆ ಅದರ ಮೇಲೆ ಬಿದ್ದಳು. ನೂರೆಪ್ಪತ್ತು. ಈಗ ಬಾಲದ ಮೇಲೆ ಎಷ್ಟು ಭಾರ ಕೂತಿರಬಹುದೆಂದು ಲೆಕ್ಕ ಹಾಕಬಾರದೆಂದುಕೊಂಡಳು. ತಲೆ ತಾನಾಗಿಯೇ ಲೆಕ್ಕ ಹಾಕುತ್ತಿತ್ತು.

ಆಗ ಸ್ವರ ಏರುವುದು ನಿಂತಿತು.

ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಇಳಿಯತೊಡಗಿತು. ಮೂಗು ಮೇಲೆ ಬರುತ್ತಿತ್ತು, ನಿಧಾನ, ಬಹಳ ನಿಧಾನ, ತುಂಬಿದ ಕೊಡವನ್ನು ಯಾರೋ ಎರಡೂ ಕೈಯಿಂದ ಎತ್ತುವ ಹಾಗೆ. ಲುದೊಮಿರ್ ಗೆರೆಯ ಈಚೆಗೇ ಅಗಲವಾಗಿ ತಿರುಗಿದ. ಮೈದಾನದ ಮೇಲೆ ಒಂದು ದೊಡ್ಡ ಸುತ್ತು ಹಾಕಿದ. ಚಕ್ರ ಹೊರಬಂತು. ರೆಕ್ಕೆಯ ತಡೆಹಲಗೆಗಳು ಎದ್ದವು.

ಹಿಪೊಲಿತ್ ಬರಿಗಾಲಲ್ಲಿ ನಿಂತು ಅಳುತ್ತಿದ್ದ. "ನೆನಪಿಟ್ಕೊಂಡಿದಾನೆ ಕಣೆ, ಕಳ್ಳ ನನ್ಮಗ, ನೆನಪಿಟ್ಕೊಂಡಿದಾನೆ."

*

ಗ್ಲೈಡರು ಹುಲ್ಲಿನ ಮೇಲೆ ನಿಂತು ಒಂದು ರೆಕ್ಕೆ ಕೆಳಗಿಡುವಷ್ಟರಲ್ಲಿ ಗೆನೊವೆಫಾ ಅಲ್ಲಿದ್ದಳು. ಲುದೊಮಿರ್ ಗಾಜಿನ ಮುಚ್ಚಳ ತೆರೆದ.

"ಯಾರು ಸತ್ರು ಅಕ್ಕಾ?"

"ಯಾರೂ ಸತ್ತಿಲ್ಲ."

"ಮತ್ತೆ ಯಾಕೆ—" ಅಷ್ಟಕ್ಕೆ ನಿಲ್ಲಿಸಿದ. ಅವಳು ಅಂಗೈ ಚಾಚಿದ್ದಳು.

ಅವನು ಪಿನ್ನನ್ನು ನೋಡಿದ. "ಯಾವ್ದು?"

"ಬಾಲದ್ದು. ಹಾಕ್ದೇನೆ ಏಳು ಅಂದೆ."

ಸೆವೆರಿನ್ ಓಡಿ ಬಂದು ನೇರ ಬಾಲದ ಹತ್ತಿರ ಬಗ್ಗಿದ. ಬೆರಳಿನಿಂದ ಬೋಲ್ಟಿನ ತಲೆ ಮುಟ್ಟಿದ. ಅದು ತನ್ನ ಜಾಗದಲ್ಲೇ ಇತ್ತು. ಗ್ರೀಸಿನ ಗೆರೆ ಕೂಡ ಬೆಳಿಗ್ಗೆ ಬಿಟ್ಟಲ್ಲೇ ಇತ್ತು.

"ಕೂದಲಷ್ಟೂ ಅಲುಗಿಲ್ಲ," ಎಂದ. ಆ ಮಾತಿನಲ್ಲಿ ಸಮಾಧಾನವಿತ್ತೋ ಸಿಟ್ಟಿತ್ತೋ ಹೇಳುವುದು ಕಷ್ಟ. ಎರಡೂ ಇದ್ದಿರಬೇಕು. "ಹೋಗಿ ಸುತ್ತಿ ಬಂದಿದ್ರೂ ಅಲುಗ್ತಿರ್ಲಿಲ್ಲ. ನೋಡಿ ಗೆನ್ಯಮ್ಮ, ಬಂದು ನೋಡಿ."

ಅವಳು ನೋಡಲಿಲ್ಲ. ಹಿಪೊಲಿತ್ ತನ್ನ ಬರಿಗಾಲನ್ನು ನೋಡುತ್ತ ನಿಂತ. ಮೇಲೆ ಗ್ಲೈಡರುಗಳು ಒಂದೊಂದಾಗಿ ಸಿಳ್ಳೆ ಹಾಕುತ್ತ ಗೆರೆ ದಾಟಿ ಪೂರ್ವಕ್ಕೆ ಹೋಗುತ್ತಿದ್ದವು. ಅವುಗಳಲ್ಲಿ ಒಂದು, ಹತ್ತೊಂಬತ್ತು ಅಂಕ ಮುಂದಿದ್ದವನದು.

ಲುದೊಮಿರ್ ಪಟ್ಟಿ ಬಿಚ್ಚಿ ಹೊರಗಿಳಿದ. ಬಾಲದ ಹತ್ತಿರ ಮಂಡಿಯೂರಿದ. ಹೆಬ್ಬೆರಳು, ತೋರುಬೆರಳು, ಎರಡರಿಂದ ಬೋಲ್ಟಿನ ತಲೆ ಹಿಡಿದು ಎಳೆದ. ಬೆಣ್ಣೆಯಿಂದ ಕೂದಲು ಎಳೆದಂತೆ ಅದು ಈಚೆ ಬಂತು.

ಸೆವೆರಿನ್ ಕೊರಳಿನ ದುರ್ಬೀನನ್ನು ಸುಮ್ಮಸುಮ್ಮನೆ ಸರಿಮಾಡಿಕೊಂಡ.

"ಕೊನೇ ವಿಮಾನ ಎಷ್ಟೊತ್ತಿಗೆ ಎಳೆಯುತ್ತೆ?" ಲುದೊಮಿರ್ ಕೇಳಿದ.

"ಇಪ್ಪತ್ತೈದು ನಿಮಿಷ ಇದೆ," ಎಂದ ಸೆವೆರಿನ್. "ಪಿನ್ ಚುಚ್ಚಿ ಹೊರಡು. ಎರಡು ನಿಮಿಷದ ಕೆಲಸ. ಇನ್ನೂ ಸ್ವಲ್ಪ ಬಿಸಿಲಿದೆ."

ಗೆನೊವೆಫಾ ಪಿನ್ನು ಹಿಡಿದು ಬಗ್ಗಿದಳು. ತಮ್ಮ ಅವಳ ಮಣಿಕಟ್ಟು ಹಿಡಿದ.

"ಹಂಗಲ್ಲ ಅಕ್ಕಾ. ಎಲ್ಲಾ ತೆಗಿ. ಮೊದ್ಲಿಂದ."

"ಲುದೆಕ್, ಹೊತ್ತಿಲ್ಲ ಕಣೋ."

"ನಡುವೆ ಯಾರಾದ್ರೂ ಮಾತಾಡ್ಸಿದ್ರೆ ಏನ್ಮಾಡ್ಬೇಕು ಅಂತ ನನಗೆ ಹೇಳ್ಕೊಟ್ಟೋರು ಯಾರು? ತೆಗಿ."

ಅವತ್ತು ಆಮೇಲೆ ಏನಾಯಿತೆಂಬುದು ದೊಡ್ಡ ಕಥೆಯಲ್ಲ. ಲುದೊಮಿರ್ ಎಲ್ಲರಿಗಿಂತ ಕೊನೆಗೆ ಮೇಲೇರಿದ. ಮೂರರಲ್ಲಿ ಎರಡು ಪಾಲು ದಾರಿ ಹೋಗುವಷ್ಟರಲ್ಲಿ ಮೋಡದ ಪರದೆ ಅವನನ್ನು ಹಿಡಿಯಿತು. ಬೀಟ್‌ಗೆಡ್ಡೆಯ ಹೊಲದಲ್ಲಿ ಇಳಿದ. ಗೆರೆಯ ಮೇಲೆ ಬಟ್ಟೆ ಹಾಸಿದ್ದಕ್ಕೆ ಅಂಕವೂ ಕಡಿತವಾಯಿತು. ಒಟ್ಟಿನಲ್ಲಿ ಹನ್ನೊಂದನೆಯ ಸ್ಥಾನ. ಮುಂದೆ ವಿಶ್ವಸ್ಪರ್ಧೆ ಟೆಕ್ಸಾಸಿಗೆ ಹೋಯಿತು, ಯುಗೊಸ್ಲಾವಿಯಾಕ್ಕೆ, ಆಸ್ಟ್ರೇಲಿಯಾಕ್ಕೆ, ಫಿನ್ಲೆಂಡಿಗೆ ಹೋಯಿತು. ಒಂದಕ್ಕೂ ಅವನು ಆಯ್ಕೆಯಾಗಲಿಲ್ಲ. ಲೆಶ್ನೊದಲ್ಲೇ ಇತರರ ಗ್ಲೈಡರು ಎಳೆಯುವ ವಿಮಾನ ಓಡಿಸಿಕೊಂಡಿದ್ದ. ಗೆನೊವೆಫಾ ನಿವೃತ್ತಳಾಗುವವರೆಗೂ ಅದೇ ಕಾರ್ಯಾಗಾರದಲ್ಲಿ ಕೆಲಸ ಮಾಡಿದಳು. ಊರಿನಲ್ಲಿ ಕೆಲವರು ಅವಳನ್ನು ಕಂಡರೆ ಕಾಲರು ನೋಡಿ, "ಪದಕ ಅಲ್ಲೇ ಇದ್ಯಾ ಗೆನ್ಯಮ್ಮ?" ಎಂದು ಚುಚ್ಚುತ್ತಿದ್ದರು. "ಇದೆಯಪ್ಪ, ಜೋಪಾನವಾಗಿದೆ" ಎನ್ನುತ್ತಿದ್ದಳು. ಭಾನುವಾರ ಮಧ್ಯಾಹ್ನ ಲುದೊಮಿರ್ ಅವಳ ಮನೆಯಲ್ಲೇ ಊಟ ಮಾಡುತ್ತಿದ್ದ. ಆ ಬೋಲ್ಟು ಜಾರುತ್ತಿತ್ತೇ ಇಲ್ಲವೇ ಎಂಬ ಮಾತನ್ನು ಆ ಮೇಜಿನ ಮೇಲೆ ಯಾರೂ ಎತ್ತಲಿಲ್ಲ. ಹಿಪೊಲಿತ್ ಮಾತ್ರ ಜನರಲ್ ಸಾಹೇಬರಿಗೆ ಸಲಾಮು ಹೊಡೆಯುವುದನ್ನು ಅವತ್ತೇ ನಿಲ್ಲಿಸಿಬಿಟ್ಟಿದ್ದ. ಮೂರು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಅವಳೇ ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನೋ, ಸಲಾಮಿಲ್ವಾ?" ಎಂದು ಕೇಳಬೇಕಾಯಿತು.

ಇದೆಲ್ಲ ಆಮೇಲಿನದು. ಅವತ್ತು ಹುಲ್ಲಿನ ಮೇಲೆ, ಮೋಡ ಏರುತ್ತಿರುವಾಗ, ಗೆನೊವೆಫಾ ಹಾಕಿದ್ದ ಪಿನ್ನುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಕಾಲರಿಗೆ ಚುಚ್ಚಿಕೊಂಡಳು. ಎಡ ರೆಕ್ಕೆಯಿಂದ ಶುರುಮಾಡಿದಳು. ಧ್ವನಿವರ್ಧಕ ಏನೇನೋ ಒದರುತ್ತಿತ್ತು. ಆಸ್ಟ್ರಿಯದ ತೀರ್ಪುಗಾರ ಕೆಂಪು ಮುಖ ಮಾಡಿಕೊಂಡು ಎರಡು ಗವಸುಗಳನ್ನೂ ಹಿಪೊಲಿತ್‌ನ ಬೂಟುಗಳನ್ನೂ ಎತ್ತಿಕೊಂಡು ಬಂದ, ಬಾಯಿ ತೆರೆದ. ಹಿಪೊಲಿತ್ ತುಟಿಯ ಮೇಲೆ ಬೆರಳಿಟ್ಟ. ಮುದುಕ ಅವಳ ಕಾಲರು ನೋಡಿದ, ಅವಳ ಕೈ ನೋಡಿದ, ತೆರೆದ ಬಾಯಿ ಮುಚ್ಚಿ, ಬೂಟುಗಳನ್ನು ಸದ್ದಾಗದಂತೆ ಕೆಳಗಿಟ್ಟ. ಬಲ ರೆಕ್ಕೆ ಮುಗಿಯಿತು. ಅವಳು ಬಾಲದ ಬಳಿ ಮಂಡಿಯೂರಿದಳು. ಬೋಲ್ಟು ಒಳಗೆ ಹೋಯಿತು, ತೂತಿಗೆ ಪಿನ್ನು ಹೋಯಿತು, ಕೊಕ್ಕೆ ಕಟಕ್ಕೆಂದು ಬಿತ್ತು.

ಎದ್ದು ನಿಂತು ಕಾಲರು ಮುಟ್ಟಿ ನೋಡಿಕೊಂಡಳು. ಅಲ್ಲಿ ಬಟ್ಟೆಯ ಹೊರತು ಏನೂ ಇರಲಿಲ್ಲ. ಹಿಪೊಲಿತ್ ಆಗಲೇ ಮೊದಲನೆಯ ಪಿನ್ನಿನ ಮೇಲೆ ಕೈಯಿಟ್ಟು ಕಾಯುತ್ತಿದ್ದ.

"ಎಷ್ಟು ಅಕ್ಕಾ?" ತಮ್ಮ ಕೇಳಿದ.

ಬೆಳಿಗ್ಗೆ ನಗುತ್ತ ಹೇಳಿದ್ದ ಸಂಖ್ಯೆ ಅದೇ. ಈಗ ಅದನ್ನು ಮೈದಾನದ ಆಚೆ ಕೊನೆಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು.

"ಏಳು."